ಸೋಂಪಿನ ಬಿಸ್ಕತ್ತು: ಸಕ್ಕರೆ ಎಲ್ಲಿ ಬೇಕು, ಎಲ್ಲಿ ಬೇಡ?

ಊಟ ಮುಗಿಸಿ ಹೋಟೆಲಿನಿಂದ ಹೊರಡುವವರು ಗಲ್ಲಾದ ಪಕ್ಕದ ತಟ್ಟೆಯಿಂದ ಒಂದು ಚಿಟಿಕೆ ಬಡೆಸೋಪು ಬಾಯಿಗೆ ಹಾಕಿಕೊಳ್ಳುವುದು ನಮ್ಮಲ್ಲಿ ಹೆಚ್ಚೂಕಡಿಮೆ ಕಡ್ಡಾಯ. ಜೊತೆಗೆ ಕಲ್ಲುಸಕ್ಕರೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ; ಕಾಳನ್ನು ಅಗಿದ ಕೂಡಲೇ ನಾಲಿಗೆಗೆ ಸಿಹಿ ಹತ್ತುತ್ತದೆ. ಈ ಸಿಹಿ ಎಲ್ಲಿಂದ ಬಂತು ಎಂದು ಯಾರೂ ವಿಚಾರಿಸಲು ಹೋಗುವುದಿಲ್ಲ. ಕಾಳಿನಲ್ಲಿ ಇರುವ ಸಕ್ಕರೆ ಅಲ್ಪ. ಸಿಹಿಯ ಕೆಲಸವನ್ನು ಮಾಡುವುದು ಅದರ ಎಣ್ಣೆಯಲ್ಲಿರುವ 'ಅನೆಥೋಲ್' ಎಂಬ ಪರಿಮಳದ್ರವ್ಯ. ತೂಕಕ್ಕೆ ತೂಕ ಹೋಲಿಸಿದರೆ ಇದು ಸಕ್ಕರೆಗಿಂತ ಸುಮಾರು 13 ಪಟ್ಟು ಸಿಹಿ!

ಈ ಪರಿಮಳವನ್ನು ಯೂರೋಪಿನ ಅಡುಗೆಮನೆಗಳು ಶತಮಾನಗಳಿಂದ ಬಿಸ್ಕತ್ತಿಗೆ ಬಳಸುತ್ತ ಬಂದಿವೆ. ಜರ್ಮನಿಯ ಶ್ವಾಬಿಯಾ ಪ್ರಾಂತ, ಸ್ವಿಟ್ಜರ್ಲೆಂಡ್, ಇಟಲಿ, ಸ್ಪೇನ್, ಅಲ್ಲಿಂದ ಕಡಲು ದಾಟಿ ಅಮೆರಿಕದ ನ್ಯೂ ಮೆಕ್ಸಿಕೊ... ಎಲ್ಲೆಡೆಯೂ ಹಬ್ಬದ ಡಬ್ಬಿಯಲ್ಲಿ ಸೋಂಪಿನ ಬಿಸ್ಕತ್ತಿಗೆ ಒಂದು ಜಾಗ ಇದ್ದೇ ಇದೆ. ಇಂದು ಈ ಬಿಸ್ಕತ್ತಿಗೆ ಹೊಸದೊಂದು ಪ್ರಶ್ನೆ ಎದುರಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಮಧುಮೇಹದ ಹೊಸ್ತಿಲಲ್ಲಿ ನಿಂತವರು ಮತ್ತೂ 13.6 ಕೋಟಿ. ಸಂಜೆಯ ಕಾಫಿಗೆ ಎಲ್ಲರ ಮುಂದೆಯೂ ತಟ್ಟೆ ಬಂದಾಗ ಒಬ್ಬರು ಮಾತ್ರ 'ನನಗೆ ಬೇಡ' ಎಂದು ಕೈಯಾಡಿಸುವ ದೃಶ್ಯ ಈಗ ಯಾವ ಮನೆಗೂ ಹೊಸದಲ್ಲ. ಹಾಗಿದ್ದರೆ, ಸಕ್ಕರೆಯಿಲ್ಲದೆಯೂ ಸಿಹಿ ಎನಿಸುವ ಸೋಂಪಿನ ಬಿಸ್ಕತ್ತನ್ನು ಸಕ್ಕರೆಯಿಲ್ಲದೆಯೇ ಮಾಡಬಹುದೇ?

ಉತ್ತರ ಸ್ವಾರಸ್ಯಕರವಾಗಿದೆ: ಒಂದು ಜಾತಿಯ ಬಿಸ್ಕತ್ತಿನಲ್ಲಿ ಆಗದು, ಇನ್ನೊಂದು ಜಾತಿಯಲ್ಲಿ ಆಗುತ್ತದೆ. ಕಾರಣ ತಿಳಿಯಬೇಕಾದರೆ ಮೊದಲು ಕಾಳಿನಿಂದಲೇ ಆರಂಭಿಸಬೇಕು.

ಮೂರು ಗಿಡ, ಒಂದೇ ಪರಿಮಳ

ನಮ್ಮ ಅಂಗಡಿಗಳಲ್ಲಿ 'ಸೋಂಪು' ಎಂದು ಕೇಳಿದರೆ ಬಹುತೇಕ ಸಿಗುವುದು ಬಡೆಸೋಪು. ಕರಾವಳಿಯವರ ಮಾತಿನಲ್ಲಿ ದೊಡ್ಡ ಜೀರಿಗೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು 'ಫೀನಿಕ್ಯುಲಮ್ ವಲ್ಗೇರ್'. ಯೂರೋಪಿನ ಬಿಸ್ಕತ್ತಿಗೆ ಬೀಳುವ 'ಅನಿಸ್' ಬೇರೆ ಗಿಡದ ಕಾಳು. ಅದು 'ಪಿಂಪಿನೆಲ್ಲ ಅನೈಸಮ್'. ಎರಡೂ ಒಂದೇ ಕುಟುಂಬದವು. ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆಗಳೂ ಇದೇ ಕುಟುಂಬದ ನೆಂಟರು. ಅನಿಸ್ ಕಾಳು ಬಡೆಸೋಪಿಗಿಂತ ಚಿಕ್ಕದು, ಬೂದುಗಂದು ಬಣ್ಣದ್ದು, ಆಕಾರದಲ್ಲಿ ಗುಂಡಗೆ ಓಮಕ್ಕೆ ಹತ್ತಿರ. ಉತ್ತರ ಭಾರತದಲ್ಲಿ ಇದನ್ನು ವಿಲಾಯತಿ ಸೋಂಪು ಎಂದು ಕರೆಯುವುದುಂಟು. ಪೂರ್ವ ಮೆಡಿಟರೇನಿಯನ್ ಮತ್ತು ಪಶ್ಚಿಮ ಏಷ್ಯಾ ಇದರ ತವರು.

ಮೂರನೆಯದು ನಮ್ಮ ಪಲಾವಿನ ಚಕ್ರಮೊಗ್ಗು. ಇದಕ್ಕೂ ಮೇಲಿನ ಎರಡು ಗಿಡಗಳಿಗೂ ರಕ್ತಸಂಬಂಧವೇ ಇಲ್ಲ. ಇದು ದಕ್ಷಿಣ ಚೀನಾ ಹಾಗೂ ವಿಯೆಟ್ನಾಂ ಕಡೆಯ ಒಂದು ಮರದ ಕಾಯಿ. ಆದರೂ ವಾಸನೆ ಒಂದೇ, ಏಕೆಂದರೆ ಮೂರರಲ್ಲೂ ಇರುವುದು ಅದೇ ಅನೆಥೋಲ್. ವ್ಯತ್ಯಾಸ ಇಷ್ಟೇ: ಬಡೆಸೋಪಿನಲ್ಲಿ 'ಫೆಂಕೋನ್' ಎಂಬ ಇನ್ನೊಂದು ದ್ರವ್ಯವೂ ಸೇರಿರುವುದರಿಂದ ಕರ್ಪೂರದ ಛಾಯೆಯ ಸಣ್ಣ ಕಹಿ ಬರುತ್ತದೆ. ಅನಿಸ್‌ನಲ್ಲಿ ಆ ಕಹಿ ಇಲ್ಲ. ಸಿಹಿ ನೇರವಾಗಿ ಮುಂದೆ ಬರುತ್ತದೆ. ಅನಿಸ್ ಸಿಗದಿದ್ದರೆ ಬಡೆಸೋಪನ್ನು ತುಸು ಹೆಚ್ಚು ಹಾಕಿ ಮಾಡಬಹುದು. ಚಕ್ರಮೊಗ್ಗಾದರೆ ಅದರ ಪುಡಿ ತೀಕ್ಷ್ಣ. ಕಾಲು ಚಮಚ ದಾಟಿಸಬಾರದು.

ಅನೆಥೋಲ್‌ಗೆ ಇನ್ನೊಂದು ಗುಣವಿದೆ. ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ; ಮದ್ಯಸಾರದಲ್ಲಿ ಮತ್ತು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಗ್ರೀಸಿನ 'ಊಜೋ', ತುರ್ಕಿಯ 'ರಾಕಿ' ಎಂಬ ಸೋಂಪಿನ ಮದ್ಯಗಳಿಗೆ ನೀರು ಬೆರೆಸಿದೊಡನೆ ಹಾಲಿನಂತೆ ಬೆಳ್ಳಗಾಗುವುದು ಇದೇ ಕಾರಣಕ್ಕೆ. ಬಿಸ್ಕತ್ತು ಮಾಡುವವರಿಗೆ ಇದರಲ್ಲಿ ಒಂದು ಪಾಠವಿದೆ. ಕಾಳನ್ನು ಜಜ್ಜಿ ನೀರಿಗೆ ಹಾಕುವುದಕ್ಕಿಂತ ಬೆಣ್ಣೆಗೆ ಹಾಕಿದರೆ ಪರಿಮಳ ಹೆಚ್ಚು ಬಿಟ್ಟುಕೊಳ್ಳುತ್ತದೆ.

ರೋಮಿನ ಊಟದ ಕೊನೆ

ಕ್ರಿಸ್ತಪೂರ್ವ 2ನೇ ಶತಮಾನದ ರೋಮನ್ ರಾಜಕಾರಣಿ ಕೇಟೊ ಬೇಸಾಯದ ಬಗ್ಗೆ ಒಂದು ಪುಸ್ತಕ ಬರೆದ. ಜಮೀನು, ಆಳು, ಎಣ್ಣೆಗಾಣಗಳ ಲೆಕ್ಕದ ನಡುವೆ ಒಂದು ತಿಂಡಿಯ ವಿಧಾನವೂ ಇದೆ. ಹಿಟ್ಟಿಗೆ ಹುದುಗದ ದ್ರಾಕ್ಷಾರಸ ಚಿಮುಕಿಸಿ, ಅನಿಸ್, ಜೀರಿಗೆ, ಕೊಬ್ಬು, ಗಿಣ್ಣು, ಲಾರೆಲ್ ರೆಂಬೆಯ ತುರಿ ಸೇರಿಸಿ, ಅದೇ ಗಿಡದ ಎಲೆಯ ಮೇಲಿಟ್ಟು ಬೇಯಿಸಬೇಕಂತೆ. ಇದರ ಹೆಸರು 'ಮುಸ್ತಾಸಿಯಸ್'. ಭಾರಿ ಭೋಜನದ ಕೊನೆಗೆ ಜೀರ್ಣಕ್ಕೆಂದು ಇದನ್ನು ತಿನ್ನುತ್ತಿದ್ದರು ಎಂಬುದು ವಾಡಿಕೆಯ ವಿವರಣೆ. ನಮ್ಮ ಹೋಟೆಲಿನ ಬಡೆಸೋಪಿನ ತಟ್ಟೆಗೂ ರೋಮನ್ನರ ಈ ತಿಂಡಿಗೂ ನೇರ ಸಂಬಂಧವಿಲ್ಲ. ಆದರೆ ತುಂಬಿದ ಹೊಟ್ಟೆಗೆ ಈ ಜಾತಿಯ ಕಾಳೇ ಹಿತ ಎಂಬುದನ್ನು ಎರಡು ನಾಡಿನವರೂ ಕಂಡುಕೊಂಡಿದ್ದರು.

ಕೇಟೊನ ವಿಧಾನದಲ್ಲಿ ಸಕ್ಕರೆಯ ಸುಳಿವಿಲ್ಲ ಎಂಬುದನ್ನು ಗಮನಿಸಬೇಕು. ಕಬ್ಬಿನ ಸಕ್ಕರೆ ಆಗ ಯೂರೋಪಿನ ಅಡುಗೆಗೆ ಬಂದಿರಲಿಲ್ಲ. ಮುಂದೆ ಬಂದಾಗಲೂ ಬಹುಕಾಲ ಅದು ಔಷಧಿಯಂತೆ ಅಳೆದು ಮಾರುವ ದುಬಾರಿ ವಸ್ತು. ಸಕ್ಕರೆ ಅಗ್ಗವಾಗಿ ಮನೆಮನೆ ಸೇರಿದ ಮೇಲೆ ಸೋಂಪಿನ ಬಿಸ್ಕತ್ತು ಎರಡು ದಾರಿ ಹಿಡಿಯಿತು. ಒಂದು ಸಕ್ಕರೆ ಮತ್ತು ಮೊಟ್ಟೆಯ ಮೇಲೆ ನಿಂತದ್ದು, ಇನ್ನೊಂದು ಕೊಬ್ಬಿನ ಮೇಲೆ ನಿಂತದ್ದು.

ಅಚ್ಚಿನ ಬಿಸ್ಕತ್ತು

ಮೊದಲ ದಾರಿಯ ಹೆಸರಾಂತ ಬಿಸ್ಕತ್ತು 'ಶ್ಪ್ರಿಂಗರ್ಲೆ'. ನೈಋತ್ಯ ಜರ್ಮನಿಯ ಶ್ವಾಬಿಯಾ ಇದರ ತವರು. ಕ್ರಿಸ್‌ಮಸ್ ಇದರ ಕಾಲ. ನೋಡಲು ಬೆಳ್ಳಗೆ, ಮೇಲ್ಮೈಯಲ್ಲಿ ಹೂವು, ಹಕ್ಕಿ, ಕುದುರೆ ಸವಾರ, ಬೈಬಲಿನ ಪ್ರಸಂಗಗಳ ಉಬ್ಬುಚಿತ್ರ. ಪೇರ್ ಮರದಲ್ಲಿ ಕೆತ್ತಿದ ಅಚ್ಚನ್ನು ಲಟ್ಟಿಸಿದ ಹಿಟ್ಟಿನ ಮೇಲೆ ಒತ್ತಿ ಈ ಚಿತ್ರ ಮೂಡಿಸುತ್ತಾರೆ. ಹೊಲಿಗೆಯಷ್ಟು ನವಿರಾದ ಗೆರೆಯೂ ಬಿಸ್ಕತ್ತಿನಲ್ಲಿ ಉಳಿಯಬೇಕು. ಜಾಣತನವೆಲ್ಲ ಇರುವುದು ಅಲ್ಲೇ. ಇಂಥ ಅಚ್ಚುಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾದದ್ದು 14ನೇ ಶತಮಾನದ್ದು. ಈಸ್ಟರ್ ಕುರಿಮರಿಯ ಚಿತ್ರವಿರುವ ಈ ದುಂಡು ಅಚ್ಚು ಜೂರಿಕ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಕನ್ನಡಿಗರಿಗೆ ಶ್ವಾಬಿಯಾ ತೀರ ಅಪರಿಚಿತವೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕೆಲಸಗಾರರಲ್ಲಿ ಅನೇಕರು ಆ ಭಾಗದ ವ್ಯುರ್ಟೆಂಬರ್ಗ್ ರಾಜ್ಯದವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಅಲ್ಲಿನ ಬ್ರಾಕೆನ್‌ಹೈಮ್ ಎಂಬ ಪಟ್ಟಣದಲ್ಲಿ. ಕನ್ನಡಕ್ಕೆ ಅಚ್ಚಿನ ಪತ್ರಿಕೆ ಕೊಟ್ಟವರ ಊರಿನ ಕಡೆ ಬಿಸ್ಕತ್ತನ್ನೂ ಅಚ್ಚೊತ್ತುತ್ತಾರೆ ಎಂಬುದು ಕೇಳಲು ಮೋಜಾದ ಸಂಗತಿ!

ಶ್ಪ್ರಿಂಗರ್ಲೆಗೆ ಬೇಕಾಗುವ ಸಾಮಗ್ರಿ ತೀರ ಸರಳ: ಎರಡು ಮೊಟ್ಟೆ, 250 ಗ್ರಾಂ ಪುಡಿ ಸಕ್ಕರೆ, 250 ಗ್ರಾಂ ಮೈದಾ, ಒಂದು ಚಿಟಿಕೆ ಅಮೋನಿಯಾ, ಎರಡು ಚಮಚ ಅನಿಸ್. ಬೆಣ್ಣೆ ಇಲ್ಲವೇ ಇಲ್ಲ. ಇಲ್ಲಿ ಅಮೋನಿಯಾ ಎಂದರೆ ನಮ್ಮ ಬೇಕರಿಯವರೂ ಬಿಸ್ಕತ್ತಿಗೆ ಬಳಸುವ ಬಿಳಿ ಪುಡಿ. ಜರ್ಮನ್ನರು ಇದನ್ನು ಕರೆಯುವುದು 'ಜಿಂಕೆಕೊಂಬಿನ ಉಪ್ಪು' ಎಂದು; ಹಿಂದೆ ಅದನ್ನು ಕೊಂಬು ಸುಟ್ಟು ತೆಗೆಯುತ್ತಿದ್ದರು. ಬಿಸಿ ತಗುಲಿದಾಗ ಇದು ಪೂರ್ತಿ ಅನಿಲವಾಗಿ ಹಾರಿಹೋಗುತ್ತದೆ. ತೆಳ್ಳಗಿನ, ಒಣ ಬಿಸ್ಕತ್ತಿಗೆ ಮಾತ್ರ ಇದು ಸರಿ. ಕೇಕಿನಂಥ ದಪ್ಪ ಪದಾರ್ಥಕ್ಕೆ ಹಾಕಿದರೆ ಅನಿಲ ಒಳಗೇ ಉಳಿದು ವಾಸನೆ ಹೊಡೆಯುತ್ತದೆ.

ಮೊಟ್ಟೆ ಮತ್ತು ಸಕ್ಕರೆಯನ್ನು ಅರ್ಧ ಗಂಟೆ ಬಿಡದೆ ಕಡೆಯಬೇಕು. ನೊರೆ ಬೆಳ್ಳಗೆ, ದಪ್ಪನೆ ಹಗ್ಗದಂತೆ ಇಳಿಯುವಾಗ ಮೈದಾ ಸೇರಿಸಿ, ಕಣಕವನ್ನು ಅರ್ಧ ಬೆರಳು ದಪ್ಪಕ್ಕೆ ಲಟ್ಟಿಸಿ, ಅಚ್ಚೊತ್ತಿ ಕತ್ತರಿಸಬೇಕು. ಕಾಳನ್ನು ಕಣಕಕ್ಕೆ ಬೆರೆಸದೆ ತಟ್ಟೆಯ ಮೇಲೆ ಹರಡಿ, ಅದರ ಮೇಲೆ ಬಿಸ್ಕತ್ತು ಇಡುವುದು ಹಳೆಯ ಕ್ರಮ. ಇನ್ನು ಮುಖ್ಯ ಹಂತ. ಇವನ್ನು ಹಾಗೆಯೇ ಒಂದು ದಿನ ತೆರೆದಿಡಬೇಕು. ಮೇಲ್ಮೈ ಒಣಗಿ ಸಿಪ್ಪೆಗಟ್ಟುತ್ತದೆ, ತಳ ಮಾತ್ರ ಹಸಿಯಾಗಿರುತ್ತದೆ. 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಮೆದು ಉರಿಗೆ ಇಟ್ಟಾಗ ಒಳಗಿನ ಅನಿಲ ಮೇಲಕ್ಕೆ ನುಗ್ಗಲಾರದೆ ತಳದಿಂದ ತಳ್ಳುತ್ತದೆ. ಇಡೀ ಬಿಸ್ಕತ್ತು ಒಂದು ಮೆಟ್ಟಿಲಿನ ಮೇಲೆ ನಿಂತಂತೆ ಏಳುತ್ತದೆ. ಈ ಮೆಟ್ಟಿಲಿಗೆ ಶ್ವಾಬಿಯಾದ ಹೆಂಗಸರು ಇಟ್ಟ ಹೆಸರು 'ಪುಟ್ಟ ಪಾದ'. ಪಾದ ಮೂಡಿದರೆ ಕೈಗುಣ ಚೆನ್ನಾಗಿದೆ ಎಂದರ್ಥ. ಹೊಸದರಲ್ಲಿ ಇದು ಕಲ್ಲಿನಂತೆ ಗಟ್ಟಿ. ಡಬ್ಬಿಯಲ್ಲಿ ಒಂದು ಹೋಳು ಸೇಬಿನೊಡನೆ ಕೆಲವು ದಿನ ಇಟ್ಟರೆ ತೇವ ಹೀರಿ ಮೆತ್ತಗಾಗುತ್ತದೆ.

ಇಷ್ಟು ವಿವರ ಹೇಳಿದ್ದಕ್ಕೆ ಕಾರಣವಿದೆ. ಇಲ್ಲಿ ಸಕ್ಕರೆ ರುಚಿಗೆ ಮಾತ್ರ ಇರುವುದಲ್ಲ. ಮೊಟ್ಟೆಯ ನೊರೆಯನ್ನು ಹಿಡಿದು ನಿಲ್ಲಿಸುವುದು ಸಕ್ಕರೆ. ಮೇಲ್ಮೈಗೆ ಸಿಪ್ಪೆ ಕಟ್ಟುವುದು ಸಕ್ಕರೆ. ಚಿತ್ರದ ಗೆರೆ ಕರಗದಂತೆ ಕಾಯುವುದು ಸಕ್ಕರೆ ಮತ್ತು ಮೈದಾದ ಅಂಟು. ಮನೆಗೆ ಗೋಡೆಯಂತೆ ಈ ಬಿಸ್ಕತ್ತಿಗೆ ಸಕ್ಕರೆ. ಮೇಲಿನ ಅಳತೆಯಲ್ಲಿ 30 ಬಿಸ್ಕತ್ತು ಮಾಡಿದರೆ ಒಂದೊಂದರಲ್ಲೂ ಸುಮಾರು 15 ಗ್ರಾಂ ಶರ್ಕರಪಿಷ್ಟ, ಅಂದರೆ ಮೂರು ಟೀ ಚಮಚ ಸಕ್ಕರೆಯಷ್ಟು. ಇದನ್ನು ತೆಗೆದುಹಾಕಿ 'ಮಧುಮೇಹಿಗಳ ಶ್ಪ್ರಿಂಗರ್ಲೆ' ಮಾಡಲು ಹೊರಟರೆ ನೊರೆ ಇಳಿಯುತ್ತದೆ, ಪಾದ ಮೂಡುವುದಿಲ್ಲ, ಚಿತ್ರ ಅಳಿಯುತ್ತದೆ. ಇದನ್ನು ಇದ್ದ ಹಾಗೆಯೇ, ವರ್ಷಕ್ಕೊಮ್ಮೆ, ತಿನ್ನಬಲ್ಲವರಿಗಾಗಿ ಮಾಡುವುದೇ ಲೇಸು.

ಬೆಣ್ಣೆಯ ಬಳಗ

ಎರಡನೆಯ ದಾರಿಯ ಪ್ರತಿನಿಧಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ 'ಬಿಸ್ಕೊಚಿತೊ'. ಅಲ್ಲಿಗೆ ಸ್ಪೇನಿನ ವಲಸೆಗಾರರು ಬಂದು ನೆಲೆಸತೊಡಗಿದ್ದು 1598ರಲ್ಲಿ. ಈ ಬಿಸ್ಕತ್ತು ಸ್ಪ್ಯಾನಿಷ್ ಅಡುಗೆಯ ಕೊಡುಗೆ. ಹಂದಿಯ ಕೊಬ್ಬನ್ನು ಸಕ್ಕರೆಯೊಡನೆ ನಾದಿ, ಅನಿಸ್, ಮೊಟ್ಟೆ, ಮೈದಾ, ಸ್ವಲ್ಪ ಬ್ರಾಂದಿ ಅಥವಾ ವೈನ್ ಸೇರಿಸಿ, ಬೇಯಿಸಿದ ಬಿಸಿಯಲ್ಲೇ ದಾಲ್ಚಿನ್ನಿ ಬೆರೆತ ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಕ್ರಿಸ್‌ಮಸ್ಸಿಗೂ ಮದುವೆಗೂ ಇದು ಬೇಕೇ ಬೇಕು. 1989ರಲ್ಲಿ ನ್ಯೂ ಮೆಕ್ಸಿಕೊ ಶಾಸನಸಭೆ ಇದನ್ನು ರಾಜ್ಯದ ಅಧಿಕೃತ ಬಿಸ್ಕತ್ತು ಎಂದು ಘೋಷಿಸಿತು. ರಾಜ್ಯಪಕ್ಷಿ, ರಾಜ್ಯಪುಷ್ಪಗಳಂತೆ ರಾಜ್ಯಬಿಸ್ಕತ್ತು! ಅಮೆರಿಕದಲ್ಲಿ ಇಂಥ ಗೌರವ ಕೊಟ್ಟ ಮೊದಲ ರಾಜ್ಯ ಅದು. ಹೆಸರಿನ ಕಾಗುಣಿತ 'ಎಸ್' ಅಕ್ಷರದಲ್ಲಿರಬೇಕೋ 'ಝೆಡ್' ಅಕ್ಷರದಲ್ಲೋ ಎಂಬ ಚರ್ಚೆಯೂ ಆಗ ನಡೆಯಿತು.

ಹಂದಿಕೊಬ್ಬಿನ ಮಾತು ಕೇಳಿ ಹಿಂಜರಿಯಬೇಕಿಲ್ಲ. ಆ ಜಾಗದಲ್ಲಿ ಬೆಣ್ಣೆ ಇಟ್ಟರೆ ಇದು ನಮ್ಮ ನಾನ್‌ಖಟಾಯಿಯ, ಬೇಕರಿಯ ಬೆಣ್ಣೆ ಬಿಸ್ಕತ್ತಿನ ಒಡಹುಟ್ಟು. ಇವೆಲ್ಲದರ ಗುಟ್ಟು ಒಂದೇ. ಮೈದಾಕ್ಕೆ ನೀರು ಬಿದ್ದಾಗ ಅದರ ಸಸಾರಜನಕ ಜಾಲಕಟ್ಟಿ ಅಂಟಾಗುತ್ತದೆ. ಚಪಾತಿ ಹಿಗ್ಗುವುದು ಇದರಿಂದಲೇ. ಕೊಬ್ಬು ಹಿಟ್ಟಿನ ಕಣಗಳನ್ನು ಮೊದಲೇ ಸುತ್ತಿಕೊಂಡುಬಿಟ್ಟರೆ ಜಾಲ ಕಟ್ಟುವುದಿಲ್ಲ, ಬಿಸ್ಕತ್ತು ಬಾಯಲ್ಲಿ ಪುಡಿಪುಡಿಯಾಗುತ್ತದೆ. ಅಂದರೆ ಈ ಬಳಗಕ್ಕೆ ಅಂಟು ಬೇಕಾಗಿಯೇ ಇಲ್ಲ. ಸಕ್ಕರೆ ಬೇಕು, ಆದರೆ ಗೋಡೆಯಾಗಿ ಅಲ್ಲ. ಪಿಷ್ಟ ಕಡಿಮೆ ಮಾಡಲು ಬಾಗಿಲು ತೆರೆಯುವುದು ಇಲ್ಲಿ.

ಮೊದಲು ಸಾಮಾನ್ಯ ವಿಧಾನ. ಎರಡು ಚಮಚ ಅನಿಸ್ ಅಥವಾ ಬಡೆಸೋಪನ್ನು ಒಣ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತರಿತರಿಯಾಗಿ ಕುಟ್ಟಿಕೊಳ್ಳಿ. 150 ಗ್ರಾಂ ಮೆದು ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ, ಈ ಸೋಂಪು ಮೂರನ್ನೂ ಬೆಳ್ಳಗಾಗುವವರೆಗೆ ನಾದಿ, ಒಂದು ಮೊಟ್ಟೆ ಸೇರಿಸಿ. ಅರ್ಧ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪಿನೊಡನೆ ಜರಡಿ ಹಿಡಿದ 250 ಗ್ರಾಂ ಮೈದಾ ಹಾಕಿ ಕೈಗೆ ಹತ್ತದಷ್ಟು ಕಲಸಿ. ಚಪಾತಿ ಹಿಟ್ಟಿನಂತೆ ನಾದಬೇಡಿ. ಕಣಕವನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಸೋಂಪಿನ ಎಣ್ಣೆ ಬೆಣ್ಣೆಗೆ ಇಳಿಯಲೂ ಇದು ಸಮಯ. ಕಾಲು ಅಂಗುಲ ದಪ್ಪಕ್ಕೆ ಲಟ್ಟಿಸಿ 40 ಬಿಸ್ಕತ್ತು ಕತ್ತರಿಸಿ, 175 ಡಿಗ್ರಿಯಲ್ಲಿ 10ರಿಂದ 12 ನಿಮಿಷ, ಅಂಚು ಹೊಂಬಣ್ಣಕ್ಕೆ ಬರುವವರೆಗೆ ಬೇಯಿಸಿ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಗೆ ಮರಳು ಅಥವಾ ಪುಡಿಯುಪ್ಪು ಹರಡಿ, ಹತ್ತು ನಿಮಿಷ ಕಾಯಿಸಿ, ಸ್ಟ್ಯಾಂಡಿನ ಮೇಲೆ ತಟ್ಟೆಯಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬಹುದು. ಸಮಯ ತುಸು ಹೆಚ್ಚು ಹಿಡಿಯುತ್ತದೆ. ಹೀಗೆ ಮಾಡಿದ ಒಂದು ಬಿಸ್ಕತ್ತಿನಲ್ಲಿ ಸುಮಾರು 7 ಗ್ರಾಂ ಶರ್ಕರಪಿಷ್ಟ.

ನೂರೈವತ್ತು ವರ್ಷದ ಹಳೆಯ ಹೊಸತು

'ಲೋ ಕಾರ್ಬ್' ಎಂಬ ಮಾತು ಹೊಸತಾದರೂ ವಿಚಾರ ಹಳೆಯದು. ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ. ಅದಕ್ಕೆ ಮೊದಲು ಮಧುಮೇಹಕ್ಕೆ ಪಥ್ಯವೇ ಮದ್ದು. ಫ್ರಾನ್ಸಿನ ವೈದ್ಯ ಬೂಷಾರ್ದಾ 19ನೇ ಶತಮಾನದಲ್ಲಿಯೇ ರೋಗಿಗಳಿಗೆ ಪಿಷ್ಟವಿರುವ ಆಹಾರ ಕಡಿಮೆ ಮಾಡಿಸಿ, ಗೋಧಿಯ ಪಿಷ್ಟ ತೊಳೆದು ಉಳಿದ ಅಂಟಿನಿಂದ ಮಾಡಿದ ಬ್ರೆಡ್ಡನ್ನು ಕೊಡಿಸಿದ. ಲಂಡನ್ನಿನ ವೈದ್ಯ ಪೇವಿ ಬ್ರೆಡ್ಡಿಗೆ ಬದಲಾಗಿ ಬಾದಾಮಿ ಹಿಟ್ಟಿನ ತಿನಿಸನ್ನು ಸೂಚಿಸಿದ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಸ್ಥೂಲಕಾಯದ ವ್ಯಾಪಾರಿ ಸಕ್ಕರೆ, ಬ್ರೆಡ್ಡು, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡ ಕಥೆಯನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿ ಊರೆಲ್ಲ ಮಾತಾಡಿಕೊಳ್ಳುವಂತೆ ಮಾಡಿದ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಬೇರೆ, ಈ ಬ್ಯಾಂಟಿಂಗ್ ಬೇರೆ. ಇಂದು ಅಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುವ ಬಾದಾಮಿ ಬಿಸ್ಕತ್ತು ಹೀಗೆ ಒಂದೂವರೆ ಶತಮಾನದ ಹಿಂದಿನ ಪಥ್ಯದ ತಟ್ಟೆಯಿಂದ ಎದ್ದುಬಂದದ್ದು.

ಇಲ್ಲಿ ಒಂದು ಭ್ರಮೆ ಕಳೆಯಬೇಕು. 'ಸಕ್ಕರೆರಹಿತ' ಎಂದು ಬರೆದ ಮಾತ್ರಕ್ಕೆ ಬಿಸ್ಕತ್ತು ಪಿಷ್ಟರಹಿತವಾಗುವುದಿಲ್ಲ. 100 ಗ್ರಾಂ ಮೈದಾದಲ್ಲಿ ಸುಮಾರು 74 ಗ್ರಾಂ ಶರ್ಕರಪಿಷ್ಟವಿದೆ, ಹೊಟ್ಟೆಗೆ ಹೋದರೆ ಅದೂ ಗ್ಲೂಕೋಸೇ. ರಾಗಿ ಬಿಸ್ಕತ್ತು ಎಂದರೆ ಮಧುಮೇಹಿಗಳು ಎಷ್ಟು ಬೇಕಾದರೂ ತಿನ್ನಬಹುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರಾಗಿಯಲ್ಲಿ ನಾರು ಮೈದಾಕ್ಕಿಂತ ಬಹಳ ಹೆಚ್ಚು ಎಂಬುದು ನಿಜ. ಆದರೆ ಶರ್ಕರಪಿಷ್ಟವೂ 100 ಗ್ರಾಂಗೆ ಸುಮಾರು 67 ಗ್ರಾಂ ಇದೆ. ಬೆಲ್ಲವಂತೂ ಬಣ್ಣ ಬೇರೆಯಾದ ಸಕ್ಕರೆಯೇ. ಆದ್ದರಿಂದ ಪೊಟ್ಟಣದ ಮುಂಭಾಗದ ದಪ್ಪಕ್ಷರ ಬಿಟ್ಟು, ಹಿಂಭಾಗದ ಸಣ್ಣಕ್ಷರದಲ್ಲಿ 'ಕಾರ್ಬೋಹೈಡ್ರೇಟ್' ಎಂಬ ಸಾಲನ್ನು ಓದುವುದು ಜಾಣತನ.

ಬಾದಾಮಿಯ ಲೆಕ್ಕ ಬೇರೆ. 100 ಗ್ರಾಂ ಬಾದಾಮಿಯಲ್ಲಿ ನಾರು ಕಳೆದರೆ ಉಳಿಯುವ ಶರ್ಕರಪಿಷ್ಟ 10 ಗ್ರಾಂಗಿಂತ ಕಡಿಮೆ. ಅರ್ಧದಷ್ಟು ತೂಕ ಕೊಬ್ಬು. ಅಂಟಿಲ್ಲದ ಹಿಟ್ಟಾದ್ದರಿಂದ ರೊಟ್ಟಿಗೆ ಒಗ್ಗದು, ಆದರೆ ಅಂಟು ಬೇಡವಾದ ಬೆಣ್ಣೆ ಬಿಸ್ಕತ್ತಿಗೆ ಹೇಳಿ ಮಾಡಿಸಿದಂತಿದೆ. ಜೊತೆಗೆ ಕೊಬ್ಬಿನಲ್ಲಿ ಕರಗುವ ಸೋಂಪಿನ ಪರಿಮಳ ಇಲ್ಲಿ ಇನ್ನಷ್ಟು ಅರಳುತ್ತದೆ.

ಕಡಿಮೆ ಪಿಷ್ಟದ ವಿಧಾನ ಹೀಗೆ: ಬಾದಾಮಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸಿಪ್ಪೆ ತೆಗೆದು, ಪೂರ್ತಿ ಒಣಗಿಸಿ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಈ ಹಿಟ್ಟು 200 ಗ್ರಾಂ, ಬೆಣ್ಣೆ 60 ಗ್ರಾಂ, ಎರಿಥ್ರಿಟಾಲ್ ಎಂಬ ಸಿಹಿಕಾರಕದ ಪುಡಿ 50 ಗ್ರಾಂ, ಒಂದು ಚಿಕ್ಕ ಮೊಟ್ಟೆ, ಎರಡೂವರೆ ಚಮಚ ಕುಟ್ಟಿದ ಸೋಂಪು, ಚಿಟಿಕೆ ಉಪ್ಪು. ಮೊಟ್ಟೆ ಬೇಡದವರು ಅದನ್ನು ಬಿಟ್ಟು ಬೆಣ್ಣೆಯನ್ನು 80 ಗ್ರಾಂಗೆ ಏರಿಸಬಹುದು. ಕಲಸಿ, ಕೊಳವೆಯಂತೆ ಉರುಳೆ ಮಾಡಿ, ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು, ಚಾಕುವಿನಿಂದ 24 ಬಿಲ್ಲೆ ಕತ್ತರಿಸಿ. ಬಾದಾಮಿ ಬೇಗ ಸೀಯುವುದರಿಂದ ಉರಿ 155 ಡಿಗ್ರಿ ಸಾಕು. 15ರಿಂದ 18 ನಿಮಿಷ. ಹೊರತೆಗೆದಾಗ ಬೆರಳಿಗೆ ಮೆತ್ತಗೆ ತಗುಲುತ್ತದೆ. ಬೆಂದಿಲ್ಲ ಎಂದು ಮತ್ತೆ ಒಳಗಿಡಬೇಡಿ. ತಟ್ಟೆಯ ಮೇಲೆಯೇ ಆರಲು ಬಿಟ್ಟರೆ ಗಟ್ಟಿಯಾಗುತ್ತದೆ.

ಸೋಂಪಿನ ಪಾತ್ರ

ಸಿಹಿಕಾರಕದ ಪುಡಿಗಳಿಗೆ ಅವುಗಳದೇ ತೊಡಕುಗಳಿವೆ. ಎರಿಥ್ರಿಟಾಲ್‌ನ ಸಿಹಿ ಸಕ್ಕರೆಯ ಮೂರನೇ ಎರಡು ಭಾಗದಷ್ಟು ಮಾತ್ರ. ಸಕ್ಕರೆಯಂತೆ ಕೆಂಪಗಾಗುವುದಿಲ್ಲ, ಆರಿದ ಮೇಲೆ ಹರಳುಗಟ್ಟುತ್ತದೆ, ನಾಲಿಗೆಗೆ ಪೆಪ್ಪರ್‌ಮಿಂಟಿನಂಥ ತಂಪು ಕೊಡುತ್ತದೆ. ಏಲಕ್ಕಿ ಅಥವಾ ವೆನಿಲಾ ಬಿಸ್ಕತ್ತಿನಲ್ಲಿ ಈ ತಂಪು ಅನ್ಯವಾಗಿ ಎದ್ದು ಕಾಣುತ್ತದೆ. ಸೋಂಪಿನ ಪರಿಮಳವೇ ಸ್ವಭಾವತಃ ತಂಪಾದ್ದರಿಂದ ಅದರೊಡನೆ ಹೊಂದಿಕೊಂಡುಬಿಡುತ್ತದೆ. ಅನೆಥೋಲ್‌ನ ಸ್ವಂತ ಸಿಹಿಯೂ ಸೇರುವುದರಿಂದ ಸಿಹಿಕಾರಕವನ್ನು ಕಡಿಮೆ ಹಾಕಿದರೂ ನಡೆಯುತ್ತದೆ. ಪಥ್ಯದ ಬಿಸ್ಕತ್ತುಗಳಲ್ಲಿ ಸೋಂಪಿನದು ಪಥ್ಯ ಎನಿಸದೆ ಇರಲು ಕಾರಣ ಇದು.

ಇತರ ಸಿಹಿಕಾರಕಗಳ ಬಗ್ಗೆ ಒಂದೆರಡು ಮಾತು. ಆಸ್ಪರ್ಟೇಮ್ ಬಿಸಿಗೆ ಸಿಹಿ ಕಳೆದುಕೊಳ್ಳುತ್ತದೆ, ಬೇಕಿಂಗಿಗೆ ಆಗದು. ಮಾಲ್ಟಿಟಾಲ್ 'ಸಕ್ಕರೆರಹಿತ' ಪಟ್ಟಿಯಲ್ಲಿದ್ದರೂ ರಕ್ತದ ಸಕ್ಕರೆಯನ್ನು ಸ್ವಲ್ಪಮಟ್ಟಿಗೆ ಏರಿಸುತ್ತದೆ. ಕ್ಸೈಲಿಟಾಲ್ ನಾಯಿಗಳಿಗೆ ವಿಷ; ನಾಯಿ ಸಾಕಿದ ಮನೆಯವರು ಬಳಸದಿರುವುದೇ ಕ್ಷೇಮ. ಈ ಜಾತಿಯ ಪುಡಿಗಳು ಅತಿಯಾದರೆ ಹೊಟ್ಟೆಯುಬ್ಬರ, ಭೇದಿ ಖಚಿತ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ, ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದವು ಎಂದಿತು. ಈ ದ್ರವ್ಯವನ್ನು ನಮ್ಮ ದೇಹವೂ ತಾನೇ ತಯಾರಿಸುವುದರಿಂದ ತಿಂದದ್ದೇ ಕಾರಣ ಎಂದು ಅದರಿಂದ ಸಿದ್ಧವಾಗುವುದಿಲ್ಲ. ಆದರೂ ಹೃದ್ರೋಗ ಇರುವವರು ವೈದ್ಯರನ್ನು ಕೇಳುವುದು ಒಳ್ಳೆಯದು.

ಲೆಕ್ಕದ ಎರಡು ಮುಖ

ಬಾದಾಮಿಯ ಈ ಬಿಸ್ಕತ್ತಿನಲ್ಲಿ, ನಾರು ಮತ್ತು ಎರಿಥ್ರಿಟಾಲ್ ಬಿಟ್ಟು ಲೆಕ್ಕ ಹಾಕಿದರೆ, ಶರ್ಕರಪಿಷ್ಟ ಒಂದು ಗ್ರಾಂಗಿಂತಲೂ ಕಡಿಮೆ. ಮೈದಾದ್ದರಲ್ಲಿ 7 ಗ್ರಾಂ. ವ್ಯತ್ಯಾಸ ದೊಡ್ಡದೇ. ಆದರೆ ಲೆಕ್ಕದ ಇನ್ನೊಂದು ಮುಖವನ್ನು ಜಾಹೀರಾತುಗಳು ಹೇಳುವುದಿಲ್ಲ. ಮೈದಾದ ಬಿಸ್ಕತ್ತು ಒಂದರಲ್ಲಿ ಸುಮಾರು 60 ಕ್ಯಾಲೊರಿ ಇದ್ದರೆ ಬಾದಾಮಿಯದರಲ್ಲಿ ಸುಮಾರು 70! ಪಿಷ್ಟ ಹೋದ ಜಾಗಕ್ಕೆ ಕೊಬ್ಬು ಬಂದಿದೆ. ರಕ್ತದ ಸಕ್ಕರೆ ಏರದಿರಲಿ ಎಂಬವರಿಗೆ ಇದು ನೆರವು. ತೂಕ ಇಳಿಸಬೇಕೆಂದು ಡಬ್ಬಿ ಖಾಲಿ ಮಾಡುವವರಿಗೆ ಅಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಊಟದ ಪಿಷ್ಟವನ್ನು ಒಮ್ಮೆಲೇ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಔಷಧಿಯ ಪ್ರಮಾಣ ಹೊಂದಿಸದೆ ಪಥ್ಯ ಬದಲಿಸಬಾರದು.

ಚಕ್ರಮೊಗ್ಗಿನ ಬಗ್ಗೆಯೂ ಒಂದು ಎಚ್ಚರಿಕೆ. ಇದರಂತೆಯೇ ಕಾಣುವ ಜಪಾನಿನ ಚಕ್ರಮೊಗ್ಗು ವಿಷಕಾರಿ. ಪುಡಿಯಾದ ಮೇಲೆ ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟ. ಹಸುಗೂಸುಗಳಿಗೆ ಚಕ್ರಮೊಗ್ಗಿನ ಕಷಾಯ ಕುಡಿಸಿ ತೊಂದರೆಯಾದ ಪ್ರಕರಣಗಳ ನಂತರ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2003ರಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತ್ತು. ನಂಬಿಕೆಯ ಅಂಗಡಿಯಿಂದ ಇಡೀ ಮೊಗ್ಗನ್ನೇ ಕೊಳ್ಳುವುದು ಸರಿ.

ಯಾವ ತಿಂಡಿಯಿಂದ ಸಕ್ಕರೆ ತೆಗೆಯಬೇಕಾದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದು: ಇಲ್ಲಿ ಸಕ್ಕರೆ ಮಾಡುತ್ತಿರುವ ಕೆಲಸವೇನು? ಶ್ಪ್ರಿಂಗರ್ಲೆಯಲ್ಲಿ ಅದು ಕಂಬ; ತೆಗೆದರೆ ಚಪ್ಪರ ಕುಸಿಯುತ್ತದೆ. ಬಿಸ್ಕೊಚಿತೊದಲ್ಲಿ ಅದು ತೋರಣ. ತೆಗೆದರೂ ಚಪ್ಪರ ನಿಲ್ಲುತ್ತದೆ, ತೋರಣದ ಜಾಗವನ್ನು ಸೋಂಪು ಸಾಕಷ್ಟು ತುಂಬುತ್ತದೆ. ಹಬ್ಬಕ್ಕೆ ಡಬ್ಬಿ ತುಂಬುವವರು ಈ ಎರಡನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಮಾಡಿಟ್ಟರೆ, ತಟ್ಟೆ ಬಂದಾಗ 'ಬೇಡ' ಎನ್ನುವವರು ಒಬ್ಬರಾದರೂ ಕಡಿಮೆಯಾಗುತ್ತಾರೆ.